ಟೋಪಿ ಮನೆಯ ಮರದ ಲಂಗ

ಪಂದ್ಯ ಕಟ್ಟಿದವರು ಅತ್ತೆ. ಅದಕ್ಕೆ ಅವರನ್ನು ಕೆಣಕಿದವಳು ಕಿಡಿ. ನಡುವೆ ಸಿಕ್ಕಿಕೊಂಡದ್ದು ಒಂದು ಕೋಣೆ.

ಆ ಕೋಣೆ ಬೀದಿಯ ಮಟ್ಟಕ್ಕಿಂತ ತುಸು ತಗ್ಗಿನಲ್ಲಿತ್ತು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಒದ್ದೆ ಉಣ್ಣೆಯ ವಾಸನೆ, ಆಮೇಲೆ ಸೋಪಿನದು, ಕೊನೆಗೆ ಹಬೆಯಲ್ಲಿ ನೆನೆದು ನೆನೆದು ಕಪ್ಪಾದ ಮರದ್ದು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಮರದ ತಲೆಗಳು ಸಾಲಾಗಿ ಕುಳಿತಿದ್ದವು: ದೊಡ್ಡವು, ಚಿಕ್ಕವು, ಹಣೆ ಅಗಲವಾದವು, ಹಿಂಬದಿ ಉಬ್ಬಿದವು. ಮೂರು ತಲೆಮಾರಿನಿಂದ ಆ ಮನೆತನದವರು ಉಣ್ಣೆಯನ್ನು ಬಿಸಿನೀರಿನಲ್ಲಿ ಹದಗೊಳಿಸಿ ಫೆಲ್ಟ್ ಟೋಪಿ ಮಾಡುತ್ತ ಬಂದಿದ್ದರು. ‘ಊರಿಗೆಲ್ಲ ಟೋಪಿ ಹಾಕಿಯೂ ಮರ್ಯಾದೆ ಉಳಿಸಿಕೊಂಡವರು ನಾವು ಮಾತ್ರ’ ಎಂಬುದು ಮನೆಯ ಹಳೆಯ ಹಾಸ್ಯ. ಈಗ ಹಾಸ್ಯ ಮಾತ್ರ ಉಳಿದಿತ್ತು. ಟೋಪಿ ಹಾಕಿಸಿಕೊಳ್ಳಲು ಬರುವವರು ಒಬ್ಬೊಬ್ಬರಾಗಿ ಇಲ್ಲವಾಗಿದ್ದರು.

ಹಾಗಾಗಿ ಅತ್ತೆ ಒಂದು ಬೆಳಿಗ್ಗೆ, ಯಾವ ಪೀಠಿಕೆಯೂ ಇಲ್ಲದೆ, ಈ ಚಳಿಗಾಲ ಮುಗಿದ ಮೇಲೆ ಕೋಣೆಯನ್ನು ಅಣ್ಣನಿಗೆ ಕೊಡುವುದಾಗಿ ಹೇಳಿಬಿಟ್ಟರು. ಅಣ್ಣ ಎಂದರೆ ಕಿಡಿಯ ಅಣ್ಣ. ತಂದೆತಾಯಿ ಬೇಗ ತೀರಿಕೊಂಡ ಮೇಲೆ ಈ ಇಬ್ಬರನ್ನೂ ಸಾಕಿದವರು ಅತ್ತೆಯೇ. ಅಣ್ಣ ಸೈಕಲ್ ರಿಪೇರಿ ಮಾಡುತ್ತಿದ್ದ. ಸೈಕಲ್ಲುಗಳು ಬೀದಿಯಲ್ಲಿ, ಮೆಟ್ಟಿಲ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಹರಡಿಕೊಂಡಿದ್ದವು. ಅವನಿಗೆ ಜಾಗ ನಿಜವಾಗಿಯೂ ಬೇಕಿತ್ತು. ಅದನ್ನು ಅಲ್ಲಗಳೆಯಲು ಕಿಡಿಗೂ ಬಾಯಿರಲಿಲ್ಲ.

ಆದರೆ ಕಿಡಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಬರುವುದೂ ಬೇಡವಾಗಿತ್ತು. ಮಾತಿಗೆ ಮೊದಲೇ ಹೊತ್ತಿಕೊಳ್ಳುವ ಸ್ವಭಾವದಿಂದ ಆ ಹೆಸರು ಪಡೆದವಳು ಅವಳು. ಆ ದಿನವೂ ಹೊತ್ತಿಕೊಂಡಳು. ತಲೆಗಳು ಬರದಿದ್ದರೇನು, ಉಣ್ಣೆ ಬೇಕಾದವರು ಇಲ್ಲವೇ, ಚಪ್ಪಲಿ, ಚೀಲ, ಹಾಸು ಎಂದು ವಾದಿಸಿದಳು. ಅತ್ತೆ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರು: ಅವೆಲ್ಲ ಕತ್ತರಿಸಿ ಹೊಲಿಯುವವರ ಕೆಲಸ.

ಕತ್ತರಿ ಎಂಬ ಪದ ಆ ಮನೆಯಲ್ಲಿ ಬೈಗುಳಕ್ಕೆ ಸಮ. ಅವರ ಟೋಪಿಗೆ ಹೊಲಿಗೆಯಿಲ್ಲ, ಸೀಳಿಲ್ಲ, ಕತ್ತರಿಸಿದ ಅಂಚಿಲ್ಲ. ಬೇಕಾದ ಆಕಾರವನ್ನು ಉಣ್ಣೆ ಒದ್ದೆಯಿರುವಾಗಲೇ ಕೈಯಿಂದ ಹೊರಡಿಸಬೇಕು. ಕತ್ತರಿ ಹಿಡಿದವನಿಗೆ ಕೈಚಳಕ ಬರುವುದಿಲ್ಲ ಎಂದು ಅತ್ತೆಯ ತಂದೆ ಹೇಳುತ್ತಿದ್ದರಂತೆ. ಹಾಗಾಗಿ ಆ ಕೋಣೆಯಲ್ಲಿ ಒಂದು ಕತ್ತರಿಯೂ ಇರಲಿಲ್ಲ. ದಾರ ತುಂಡರಿಸಲೂ ಹಲ್ಲೇ ಗತಿ.

ಇಂಥ ಹೊತ್ತಿನಲ್ಲಿ ಗ್ರಂಥಪಾಲಕಿ ಬಂದರು. ಎರಡು ಬೀದಿಗಳಾಚೆಯ ಗ್ರಂಥಾಲಯವನ್ನು ನೋಡಿಕೊಳ್ಳುವ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡೇ ಅದನ್ನು ಹುಡುಕುವ ಹೆಂಗಸು. ಈ ಸಲ ಓದುವ ಸಭಾಂಗಣದಲ್ಲಿ ಮಕ್ಕಳಿಗಾಗಿ ದೊಡ್ಡ ಕ್ರಿಸ್‌ಮಸ್ ಮರ ನಿಲ್ಲಿಸುತ್ತಿದ್ದಾರೆ. ಮರ ಚೆನ್ನ, ಆದರೆ ಅದನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡ್ ಕಣ್ಣಿಗೆ ಚುಚ್ಚುವಂತಿದೆ. ಬುಡದ ಸುತ್ತ ಹರಡಲು ಉಣ್ಣೆಯ ಏನಾದರೂ ಮಾಡಿಕೊಡಬಹುದೇ, ಲಂಗದ ಹಾಗೆ ದುಂಡಗೆ?

‘ಮರಕ್ಕೆ ಲಂಗವಂತೆ,’ ಎಂದರು ಅತ್ತೆ, ಆಕೆ ಹೋದ ಮೇಲೆ. ‘ತಲೆ ಬಿಟ್ಟು ಕಾಲಿಗೆ ಬಿದ್ದಂತಾಯ್ತು ನಮ್ಮ ಕಥೆ.’

ಕಿಡಿ ಆ ಮಾತನ್ನು ಕೆಳಗೆ ಬೀಳಲು ಬಿಡಲಿಲ್ಲ. ಆ ಲಂಗವನ್ನು ತಾನು ಮಾಡುತ್ತೇನೆ, ಟೋಪಿಯ ಕ್ರಮದಲ್ಲೇ ಮಾಡುತ್ತೇನೆ, ಮಾಡಿದರೆ ಏನು ಕೊಡುತ್ತೀರಿ ಎಂದು ಕೇಳಿದಳು. ಅತ್ತೆ, ಅಣ್ಣ ಎದುರಿಗೇ ಇರುವಾಗ, ಪಂದ್ಯ ಕಟ್ಟಿದರು: ಗ್ರಂಥಾಲಯದ ಮರಕ್ಕೆ ದೀಪ ಹಚ್ಚುವ ಮೊದಲು ಲಂಗ ಅದರ ಬುಡದಲ್ಲಿ ಹರಡಿರಬೇಕು. ನೋಡಲು ಅತ್ತೆಯೇ ಬರುತ್ತಾರೆ. ಸರಿಯಾಗಿ ಕೂತಿತೋ, ಕೋಣೆ ಕಿಡಿಯದು. ಇಲ್ಲವೋ, ಅಣ್ಣನದು, ಮತ್ತೆ ಆ ಮಾತು ಎತ್ತುವಂತಿಲ್ಲ.

‘ನಾನು ಈಗಲೇ ಗೋಡೆಗೆ ಮೊಳೆ ಹೊಡೆಯೋಕೆ ಶುರು ಮಾಡ್ಲಾ?’ ಎಂದು ಅಣ್ಣ ಕೇಳಿದ. ಕಿಡಿ ಒದ್ದೆ ಉಣ್ಣೆಯ ಉಂಡೆಯೊಂದನ್ನು ಅವನತ್ತ ಎಸೆದಳು. ಅದು ಅವನ ಕಿವಿಗೆ ಅಂಟಿಕೊಂಡಿತು.

ಗ್ರಂಥಪಾಲಕಿ ಕಾಂಡದ ದಪ್ಪಕ್ಕೆ ಒಂದು ದಾರ, ಹರವಿಗೆ ಒಂದು ದಾರ ಅಳೆದು ಕಳುಹಿಸಿದ್ದರು. ಉಣ್ಣೆ ಹದಗೊಳ್ಳುತ್ತ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದನ್ನು ಟೋಪಿಯ ಮಟ್ಟಿಗೆ ಕಿಡಿಯ ಬೆರಳುಗಳೇ ಬಲ್ಲವು, ಆದರೆ ಇಷ್ಟು ದೊಡ್ಡದನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಮೇಜು ಸಾಲದೆ ಬಾಗಿಲನ್ನು ಕೀಲಿನಿಂದ ಕಳಚಿ ಮೇಜಿಗೆ ಜೋಡಿಸಿದಳು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಉಣ್ಣೆ: ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಮತ್ತೊಂದು ಉದ್ದಕ್ಕೆ. ಗಾಳಿ ಬೀಸಿದರೆ ಹಾರಿಹೋಗುವಷ್ಟು ಹಗುರವಾದ ಹಸಿರು ಮೋಡವೊಂದು ದುಂಡಗೆ, ನಡುವೆ ತೂತು ಬಿಟ್ಟು, ಕೋಣೆಯನ್ನು ತುಂಬಿತು.

ಹಸಿರಿನ ಮೇಲೆ ಹಕ್ಕಿಗಳು. ಅದು ಅವಳ ಸ್ವಂತ ಯೋಚನೆ. ಕೆಂಪು, ಹಳದಿ, ಬೂದು, ನೀಲಿ ಬಣ್ಣದ ಉಣ್ಣೆಯ ಎಳೆಗಳನ್ನು ಚಿವುಟಿ ಚಿವುಟಿ ಹಕ್ಕಿಗಳ ಆಕಾರಕ್ಕೆ ಇಟ್ಟಳು. ಹಿಂಡು ಹಿಂಡಾಗಿ, ಕಾಂಡದ ಸುತ್ತ ಹಾರುವಂತೆ, ಒಂದರ ಕೊಕ್ಕು ಇನ್ನೊಂದರ ಬಾಲದ ಬಳಿ. ಹೊಲಿಗೆಯಿಲ್ಲ, ಅಂಟಿಲ್ಲ. ಬಿಸಿನೀರು ಬಿದ್ದಾಗ ಅವು ಹಸಿರಿನೊಳಗೆ ಬೇರೂರಬೇಕು, ಇಲ್ಲವೇ ಜಾರಿ ಕಲಸಿಹೋಗಬೇಕು. ನಡುವಿನ ದಾರಿ ಯಾವುದೂ ಇರಲಿಲ್ಲ.

ಅವಳು ಸೋಪಿನ ನೀರು ಚಿಮುಕಿಸಿದಳು. ಮೋಡ ಕುಸಿಯಿತು. ಅಂಗೈಯಿಂದ ಮೆಲ್ಲಗೆ, ಆಮೇಲೆ ಬಲವಾಗಿ ಉಜ್ಜಿದಳು. ಚಾಪೆಯ ಸಮೇತ ಸುರುಳಿ ಸುತ್ತಿ, ದಾರ ಬಿಗಿದು, ಮುಂಗೈಗಳಿಂದ ಉರುಳಿಸತೊಡಗಿದಳು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಸುರುಳಿ ಭಾರವಾಗಿತ್ತು, ಅರ್ಧ ಬದಿ ಅವಳ ಕೈಗೆ ಎಟುಕುತ್ತಲೇ ಇರಲಿಲ್ಲ. ಅತ್ತೆ ಮೂಲೆಯಲ್ಲಿ ಕುಳಿತು ಯಾವುದೋ ಟೋಪಿಯ ರಿಬ್ಬನ್ ಬಿಚ್ಚುತ್ತಿದ್ದರು. ಅವರ ಕಣ್ಣು ಮಾತ್ರ ರಿಬ್ಬನ್ ಮೇಲಿರಲಿಲ್ಲ. ಕೊನೆಗೆ ಎದ್ದು ಬಂದರು. ಸುರುಳಿಯ ಆ ತುದಿಗೆ ತಮ್ಮ ಮುಂಗೈಗಳನ್ನು ಇಟ್ಟರು. ಇಬ್ಬರೂ ಸೇರಿ ಉರುಳಿಸಿದಾಗ ಕೋಣೆಯ ಮರದ ತಲೆಗಳೆಲ್ಲ ಹಲಗೆಯ ಮೇಲೆ ಗಡಗಡ ಅಲ್ಲಾಡಿದವು.

‘ಪಂದ್ಯದಲ್ಲಿ ನೀವು ಯಾರ ಕಡೆ ಅತ್ತೆ?’ ಎಂದು ಕಿಡಿ ಏದುಸಿರಿನ ನಡುವೆ ಕೇಳಿದಳು.

‘ಉಣ್ಣೆ ಕಡೆ. ನೀನು ಅದನ್ನ ಕೊಲ್ತಿದೀಯ. ಮೊಣಕೈ ಬಗ್ಗಿಸು.’

ಸುರುಳಿ ಬಿಚ್ಚುವ ಹೊತ್ತು ಬಂದಾಗ ಅಣ್ಣನೂ ಗ್ರೀಸಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಂತ. ಚಾಪೆ ಒಂದೊಂದೇ ಸುತ್ತು ಬಿಚ್ಚಿಕೊಂಡಿತು. ಹಸಿರು ಕಾಣಿಸಿತು, ದಟ್ಟ, ಬಿಗಿ, ಬೆರಳಿನಿಂದ ಚಿವುಟಿದರೆ ಒಂದೆಳೆಯೂ ಏಳದ ಹಸಿರು. ಆಮೇಲೆ ಒಂದು ಕೆಂಪು ರೆಕ್ಕೆ. ಆಮೇಲೆ ಇಡೀ ಹಿಂಡು. ಹಕ್ಕಿಗಳು ಜಾರಿರಲಿಲ್ಲ. ಆದರೆ ಉಜ್ಜುವ ಭರದಲ್ಲಿ ಅಷ್ಟಿಷ್ಟು ಹರಡಿ ದುಂಡುದುಂಡಗಾಗಿದ್ದವು. ಒಂದು ಬೂದು ಹಕ್ಕಿಯ ಕತ್ತು ಹೊರಳಿ, ಅದು ಯಾರೋ ಕರೆದಂತೆ ಹಿಂದಕ್ಕೆ ನೋಡುತ್ತಿತ್ತು.

‘ಇವು ಹಾರೋದು ಅನುಮಾನ,’ ಎಂದ ಅಣ್ಣ. ‘ಊಟ ಜಾಸ್ತಿಯಾಗಿದೆ.’ ಆದರೆ ಅವನು ಬಗ್ಗಿ ಆ ಬೂದು ಹಕ್ಕಿಯನ್ನು ನೋಡಿದ ರೀತಿಯಲ್ಲಿ ತಮಾಷೆ ಇರಲಿಲ್ಲ.

ಒಣಗಿದ ಲಂಗವನ್ನು ಪರೀಕ್ಷಿಸಲು ಕಿಡಿ ಅದನ್ನು ಕೋಣೆಯ ನಡುವಿನ ಮರದ ಮೋಟು ಕಂಬಕ್ಕೆ ತೊಡಿಸಿದಳು. ಮೇಲಿನಿಂದ ಇಳಿಬಿಟ್ಟಳು. ತೂತಿನ ಅಂಚು ಕಂಬವನ್ನು ಉಂಗುರದಂತೆ ಅಪ್ಪಿ, ಉಳಿದದ್ದು ಸುಕ್ಕಿಲ್ಲದೆ ಸುತ್ತಲೂ ಹರಡಿತು. ಅತ್ತೆ ಅಂಚನ್ನು ಬೆರಳಿನಿಂದ ತಡವಿ, ಸುತ್ತ ಒಮ್ಮೆ ನಡೆದು, ‘ಹೂಂ’ ಎಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಕಿಡಿ ಅಂದು ಊಟದ ತಟ್ಟೆಯ ಮುಂದೆ ಕುಳಿತು ಊಟ ಮಾಡುವುದನ್ನೇ ಮರೆತಳು.

ದೀಪ ಹಚ್ಚುವ ದಿನ ಮೂವರೂ ಲಂಗವನ್ನು ಸುತ್ತಿಕೊಂಡು ಗ್ರಂಥಾಲಯಕ್ಕೆ ಹೋದರು. ಅಣ್ಣ ಸೈಕಲ್ಲಿನ ಹಿಂದೆ ಸುರುಳಿ ಕಟ್ಟಿಕೊಂಡು ತಳ್ಳುತ್ತಿದ್ದ. ಅತ್ತೆ ತಮ್ಮ ಕರಿಯ ಟೋಪಿ ಧರಿಸಿ, ತೀರ್ಪು ಕೊಡಲು ಹೊರಟ ನ್ಯಾಯಾಧೀಶರಂತೆ ಹಿಂದೆ ನಡೆದರು. ಕಿಡಿ ಮುಂದೆ ಓಡುವಳು, ನಿಲ್ಲುವಳು, ಮತ್ತೆ ಓಡುವಳು.

ಸಭಾಂಗಣದ ಬಾಗಿಲು ತೆರೆದಾಗ ಅವಳ ಕಾಲು ಅಲ್ಲೇ ನಿಂತಿತು.

ಮರ ಮೇಲಂತಸ್ತಿನ ಕಟಕಟೆಯವರೆಗೆ ಎದ್ದು ನಿಂತಿತ್ತು. ತುದಿಯನ್ನು ತಂತಿಯಿಂದ ಕಟಕಟೆಗೆ ಬಿಗಿದಿದ್ದರು. ಕೊಂಬೆಕೊಂಬೆಗೂ ಗಾಜಿನ ಗುಂಡುಗಳು, ದೀಪದ ಸರಗಳು, ಮಕ್ಕಳು ಕಾಗದದಲ್ಲಿ ಮಾಡಿದ ನಕ್ಷತ್ರಗಳು. ಕೆಳಗಿನ ಕೊಂಬೆಗಳು ಒಂದು ಕೋಣೆಯಷ್ಟು ಅಗಲಕ್ಕೆ ಚಾಚಿದ್ದವು. ಅವುಗಳ ಅಡಿಯಲ್ಲಿ ಕಾಂಡವನ್ನು ತಿರುಪುಗಳಿಂದ ಕಚ್ಚಿ ಹಿಡಿದ ಕಬ್ಬಿಣದ ಸ್ಟ್ಯಾಂಡ್, ಮೂರು ಕಾಲುಗಳನ್ನು ಅಗಲಿಸಿ ಕೂತಿತ್ತು.

ಗ್ರಂಥಪಾಲಕಿ ಸುರುಳಿ ಬಿಚ್ಚಿಸಿ, ಹಕ್ಕಿಗಳನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದರು. ಎಷ್ಟು ಚಂದ, ಎಷ್ಟು ಚಂದ ಎಂದು ಸುತ್ತ ನಡೆದರು. ಒಂದು ಸುತ್ತು ಬಂದವರು ಮತ್ತೊಂದು ಸುತ್ತು ಬಂದರು, ಈ ಸಲ ಅಂಚನ್ನೇ ನೋಡುತ್ತ. ಆಮೇಲೆ ಬಹಳ ವಿನಯದಿಂದ ಕೇಳಿದರು:

‘ಇದು ಯಾವ ಕಡೆ ಬಿಚ್ಚಿಕೊಳ್ಳುತ್ತೆ ಅಮ್ಮಾ?’

ಅತ್ತೆ ಲಂಗವನ್ನು ನೋಡಿದರು. ಕಿಡಿ ಮರದ ತುದಿಯನ್ನು ನೋಡಿದಳು. ಮೂರು ತಲೆಮಾರು ಟೋಪಿ ಮಾಡಿದ ಆ ಮನೆಯಲ್ಲಿ ಪ್ರಪಂಚದ ಪ್ರತಿಯೊಂದು ವಸ್ತುವೂ ಮೇಲಿನಿಂದ ಕೆಳಗೆ ಇಳಿಯುವಂಥದ್ದು. ಮನುಷ್ಯರ ತಲೆಯ ಮೇಲೆ ಕೊಂಬೆಗಳಿರುವುದಿಲ್ಲವಲ್ಲ. ಲಂಗಕ್ಕೆ ಒಂದು ಸೀಳು ಬೇಕು, ಅದು ಮರವನ್ನು ಬಳಸಿ ಬಂದು ಕೂಡಿಕೊಳ್ಳಬೇಕು ಎಂಬ ಸಂಗತಿ ಇಬ್ಬರಲ್ಲಿ ಒಬ್ಬರಿಗೂ, ಒಂದು ಗಳಿಗೆಯೂ ಹೊಳೆದಿರಲಿಲ್ಲ.

ಅಣ್ಣ ನಗಲಿಲ್ಲ. ಅವನು ನಗದಿದ್ದದ್ದೇ ಕಿಡಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊರಗೆ ಬಾಗಿಲ ಬಳಿ ಮಕ್ಕಳ ಗಲಾಟೆ ಕೇಳಿಸತೊಡಗಿತ್ತು. ಕತ್ತಲಾಗುತ್ತಲೇ ದೀಪ ಹಚ್ಚಬೇಕು. ಕಿಟಕಿಯ ಬೆಳಕು ಆಗಲೇ ಹಳದಿಗೆ ತಿರುಗಿತ್ತು. ಗ್ರಂಥಪಾಲಕಿ ಪರವಾಗಿಲ್ಲ, ಮರದ ಮುಂದೆ ಮಡಿಸಿ ಹಾಸೋಣ ಎಂದರು. ಆ ‘ಪರವಾಗಿಲ್ಲ’ ಕಿಡಿಯ ಎದೆಗೆ ನೇರವಾಗಿ ನಾಟಿತು. ಮಡಿಸಿ ಹಾಸಿದ್ದನ್ನು ಅತ್ತೆ ಕೂತಿತು ಎನ್ನುವುದಿಲ್ಲ.

‘ಬಿಸಿನೀರು ಕಾಯಿಸೋಕೆ ಏನಾದರೂ ಇದೆಯಾ ಮೇಡಂ?’ ಎಂದು ಕೇಳಿದಳು.

ಸಿಬ್ಬಂದಿಯ ಕೋಣೆಯಿಂದ ಕೆಟಲ್ ಬಂತು. ಕಿಡಿಯ ಲೆಕ್ಕ ಸರಳವಾಗಿತ್ತು. ಹಬೆಗೆ ಫೆಲ್ಟ್ ಬಾಗುತ್ತದೆ, ಹಿಗ್ಗುತ್ತದೆ. ಬಿಗಿ ಟೋಪಿಯನ್ನು ದೊಡ್ಡ ತಲೆಗೆ ಹಿಗ್ಗಿಸುವ ಕೆಲಸ ಅವಳಿಗೆ ಎಡಗೈ ಆಟ. ಮೇಲಿನಿಂದ ಆಗದಿದ್ದರೆ ಕೆಳಗಿನಿಂದ: ಮರವನ್ನು ಸ್ಟ್ಯಾಂಡ್ ಸಮೇತ ಒಂದು ಗೇಣು ಎತ್ತಿದರೆ, ಹಿಗ್ಗಿದ ತೂತಿನೊಳಗೆ ಮೂರು ಕಾಲುಗಳನ್ನೂ ಒಂದೊಂದಾಗಿ ನುಗ್ಗಿಸಬಹುದು. ಅಣ್ಣ ಮತ್ತು ಗ್ರಂಥಾಲಯದ ಕಾವಲುಗಾರ ಅಂಗಿಯ ತೋಳು ಮಡಚಿದರು. ಮೇಲೆ ತಂತಿಯನ್ನು ಸಡಿಲಿಸಲು ಗ್ರಂಥಪಾಲಕಿಯೇ ಓಡಿದರು.

ಕೆಟಲ್ಲಿನ ಮೂತಿಯಿಂದ ಹಬೆ ಬುಸುಗುಟ್ಟಿತು. ಕಿಡಿ ತೂತಿನ ಅಂಚನ್ನು ಅದಕ್ಕೆ ಒಡ್ಡಿ, ಎರಡೂ ಕೈಗಳಿಂದ ಎಳೆದಳು. ಬೆರಳು ಸುಟ್ಟಿತು, ಬಿಡಲಿಲ್ಲ. ತೂತು ಅಗಲವಾಯಿತು. ಅಣ್ಣ ಹಲ್ಲು ಕಚ್ಚಿ ಎತ್ತಿದ. ಇಡೀ ಮರ ಗಾಜಿನ ಗುಂಡುಗಳನ್ನು ಕಿಣಿಕಿಣಿಸುತ್ತ ಮೇಲೆದ್ದಿತು. ಮೊದಲ ಕಾಲು ಒಳಗೆ ಹೋಯಿತು. ಹಬೆ. ಎಳೆತ. ಎರಡನೆಯದೂ ಹೋಯಿತು. ಕಾವಲುಗಾರನ ಮುಖ ಕೆಂಪಾಗಿತ್ತು. ಮೇಲಿನಿಂದ ಒಂದು ಕಾಗದದ ನಕ್ಷತ್ರ ತೇಲುತ್ತ ಬಂದು ಕಿಡಿಯ ಕೂದಲಿನಲ್ಲಿ ಸಿಕ್ಕಿಕೊಂಡಿತು.

ಮೂರನೆಯ ಕಾಲು ಒಳಗೆ ಬರಲಿಲ್ಲ. ಒಂದು ಬೆರಳಿನಷ್ಟು ಬಾಕಿ. ಅವಳು ಇನ್ನೂ ಎಳೆದಳು, ಇನ್ನೂ. ಆಗ ಕಂಡಿತು: ಅಂಚಿನ ಬಳಿ ಉಣ್ಣೆ ತೆಳುವಾಗಿ, ಅದರ ಮೂಲಕ ಕಿಟಕಿಯ ಬೆಳಕು ಇಣುಕುತ್ತಿತ್ತು. ಇನ್ನೊಂದು ಎಳೆತಕ್ಕೆ ಹರಿಯುತ್ತದೆ. ಹರಿದ ಫೆಲ್ಟ್‌ಗೆ ಮದ್ದಿಲ್ಲ.

‘ಇಳಿಸಿ,’ ಎಂದಳು.

ಮರ ಇಳಿಯಿತು. ಅವಳು ಕಾಲುಗಳನ್ನು ಬಿಡಿಸಿ ಲಂಗವನ್ನು ಹೊರಗೆಳೆದು ನೆಲದ ಮೇಲೆ ಹರಡಿದಳು. ತೂತಿನ ಅಂಚು ಜೋತುಬಿದ್ದಿತ್ತು. ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಗ್ರಂಥಪಾಲಕಿ ಕೇಳಿದ ಕ್ಷಣದಿಂದಲೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹಬೆಯ ಹಿಂದೆ ಓಡಿದ್ದಳು. ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದಳು. ಕರಿಯ ಟೋಪಿಯ ಅಂಚಿನಡಿ ಆ ಮುಖದಲ್ಲಿ ಹೌದೂ ಇರಲಿಲ್ಲ, ಬೇಡವೂ ಇರಲಿಲ್ಲ.

‘ನನ್ನ ಮುಖ ಏನು ನೋಡ್ತೀಯ?’ ಎಂದರು ಅತ್ತೆ. ‘ಕೋಣೆ ಬೇಕು ಅಂದವಳು ನೀನು. ಆ ಕೋಣೇಲಿ ಕೂತ ಮೇಲೆ ಯಾರ ಮುಖ ನೋಡ್ತೀಯ?’

ಕಿಡಿ ಗ್ರಂಥಪಾಲಕಿಯತ್ತ ತಿರುಗಿ ಕತ್ತರಿ ಕೇಳಿದಳು. ಪುಸ್ತಕಗಳಿಗೆ ರಟ್ಟು ಹಾಕುವ ಕೋಣೆಯಿಂದ ಬಂದದ್ದು ಮೊಣಕೈಯುದ್ದದ ದೈತ್ಯ ಕತ್ತರಿ. ಅವಳ ಕೈಗೆ ಅದು ತಣ್ಣಗೆ, ಅಪರಿಚಿತವಾಗಿ ಬಂತು. ಹೇಗೆ ಹಿಡಿಯಬೇಕೆಂಬುದೂ ಅವಳಿಗೆ ಸರಿಯಾಗಿ ತಿಳಿಯದಿದ್ದಾಗ, ಅಣ್ಣ ಅವಳ ಹೆಬ್ಬೆರಳನ್ನು ಸರಿಯಾದ ಬಳೆಯೊಳಗೆ ತೂರಿಸಿದ.

ಆದರೆ ಎಲ್ಲಿ ಕತ್ತರಿಸುವುದು? ನೆಟ್ಟಗೆ ಕತ್ತರಿಸಿದರೆ ಎರಡು ಮೂರು ಹಕ್ಕಿಗಳ ಹೊಟ್ಟೆ ಸೀಳುತ್ತದೆ. ಅವಳು ಮಂಡಿಯೂರಿ, ಜೇಬಿನಲ್ಲಿ ಸದಾ ಇರುವ ಸೋಪಿನ ಚೂರಿನಿಂದ ಹೊರ ಅಂಚಿನಿಂದ ಒಳಕ್ಕೆ ಗೆರೆ ಹುಡುಕುತ್ತ ಹೊರಟಳು. ಕೊಕ್ಕುಬಾಲಗಳ ನಡುವೆ, ರೆಕ್ಕೆಗಳ ಸಂದಿಯಲ್ಲಿ. ಉಜ್ಜುವಾಗ ಹರಡಿಕೊಂಡ ಹಕ್ಕಿಗಳು ಸಂದಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದವು. ಒಂದು ದಾರಿ ಕೆಂಪು ಹಕ್ಕಿಯ ಎದೆಗೆ ಬಂದು ನಿಂತಿತು. ಇನ್ನೊಂದು ಎರಡು ಹಳದಿ ಹಕ್ಕಿಗಳ ನಡುವೆ ಸತ್ತಿತು. ಹೊರಗೆ ಮಕ್ಕಳು ಒಳಗೆ ಬಿಡಿ ಎಂದು ಬಾಗಿಲು ತಟ್ಟುತ್ತಿದ್ದರು. ಕಾವಲುಗಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಮೂರನೆಯ ದಾರಿ ಹೊಳೆಯಂತೆ ಬಳುಕುತ್ತ ಒಳಗೆ ಸಾಗಿತು. ಸಾಗಿ ಸಾಗಿ, ತೂತಿಗೆ ಇನ್ನೇನು ಸೇರಬೇಕೆನ್ನುವಲ್ಲಿ, ನೀಲಿ ಹಕ್ಕಿಯ ರೆಕ್ಕೆ ಅಡ್ಡಬಂತು. ಕಿಡಿ ಗೆರೆಯನ್ನು ರೆಕ್ಕೆಯ ಅಂಚಿನ ಮೇಲೇ ಸಾಗಿಸಿದಳು, ಗರಿಯ ಬಾಗಿಗೆ ಬಾಗಿ, ತುದಿಯ ಚೂಪಿಗೆ ಚೂಪಾಗಿ. ಕತ್ತರಿಸಿದ ಮೇಲೆ ಆ ರೆಕ್ಕೆ ಸಡಿಲವಾಗಿ ಮೇಲೇಳುತ್ತದೆ. ಏಳಲಿ. ಹಕ್ಕಿಯ ರೆಕ್ಕೆ ಏಳುವುದಕ್ಕೇ ಇರುವುದು.

ಕತ್ತರಿಯ ಮೊದಲ ಸದ್ದಿಗೆ ಅತ್ತೆ ಕಣ್ಣು ಮುಚ್ಚಿದರು. ಕಿಡಿ ಮುಚ್ಚಲಿಲ್ಲ. ದಪ್ಪ ಉಣ್ಣೆ ಅಲಗಿಗೆ ಒಡ್ಡಿಕೊಂಡು ದಾರಿ ಬಿಟ್ಟಿತು. ಕತ್ತರಿ ಗೆರೆಯ ಮೇಲೆ ಓಡಿತು, ತಿರುವಿನಲ್ಲಿ ತಿರುಗಿತು, ನೀಲಿ ರೆಕ್ಕೆಯನ್ನು ಒಂದೊಂದೇ ಗರಿಯಾಗಿ ಬಿಡಿಸಿತು. ಅವಳೊಳಗೆ ಏನೋ ಹುಚ್ಚು ಖುಷಿ ಉಕ್ಕುತ್ತಿತ್ತು. ಇಷ್ಟು ವರ್ಷ ಬೇಡ ಎಂದಿದ್ದ ಬಾಗಿಲೊಂದನ್ನು ತಾನೇ ತೆಗೆಯುತ್ತಿದ್ದೇನೆ, ಅದರಾಚೆ ಹಾಸುಗಳು, ಚೀಲಗಳು, ಪರದೆಗಳು, ಇನ್ನೂ ಹೆಸರಿಲ್ಲದ ಎಷ್ಟೋ ವಸ್ತುಗಳು ಸರದಿ ನಿಂತಿವೆ ಎನಿಸುತ್ತಿತ್ತು. ಕತ್ತರಿ ತೂತನ್ನು ಮುಟ್ಟಿತು. ಲಂಗ ತೆರೆದುಕೊಂಡಿತು.

ಕತ್ತರಿಸಿದ ಅಂಚು ಹಸಿಯಾಗಿ, ಗಾಯದಂತೆ ಕಾಣುತ್ತಿತ್ತು. ಕಿಡಿ ಕೆಟಲ್ಲಿಗೆ ಕೈ ಚಾಚುವಷ್ಟರಲ್ಲಿ ಬೇರೊಂದು ಕೈ ಅದನ್ನು ಎತ್ತಿಕೊಂಡಿತ್ತು. ಅತ್ತೆ ಟೋಪಿ ತೆಗೆದು ಅಣ್ಣನ ಕೈಗೆ ಕೊಟ್ಟು, ಮಂಡಿನೋವನ್ನೂ ಲೆಕ್ಕಿಸದೆ ನೆಲಕ್ಕೆ ಕುಳಿತರು. ಅಂಚಿಗೆ ಬಿಸಿನೀರು ಚಿಮುಕಿಸಿ, ಸೋಪು ಸವರಿ, ಎರಡು ಬೆರಳುಗಳ ನಡುವೆ ಹಿಡಿದು ಉಜ್ಜತೊಡಗಿದರು. ಎಳೆಗಳು ಒಂದನ್ನೊಂದು ಹಿಡಿದು, ಗಾಯಕ್ಕೆ ಚರ್ಮ ಬಂದಂತೆ, ಅಂಚು ದುಂಡಗಾಗಿ ಮುಚ್ಚಿಕೊಂಡಿತು. ಇತ್ತ ಬದಿಯಿಂದ ಕಿಡಿ, ಅತ್ತ ಬದಿಯಿಂದ ಅತ್ತೆ. ಜೋತುಬಿದ್ದ ತೂತಿನ ಅಂಚನ್ನೂ ಉಜ್ಜಿ ಉಜ್ಜಿ ಮತ್ತೆ ಕಾಂಡದ ಅಳತೆಗೆ ಕುಗ್ಗಿಸಿದರು. ನಡುವೆ ಒಮ್ಮೆ ಅತ್ತೆ, ತಮ್ಮಷ್ಟಕ್ಕೇ ಹೇಳಿಕೊಂಡಂತೆ, ಈ ರೆಕ್ಕೆಯನ್ನು ಇಲ್ಲಿ ತಿರುಗಿಸಲು ತಮಗೆ ತೋಚುತ್ತಿರಲಿಲ್ಲ ಎಂದರು.

ಕೊಂಬೆಗಳಡಿ ನುಸುಳಿ ಕಿಡಿ ಲಂಗವನ್ನು ಕಾಂಡದ ಸುತ್ತ ಬಳಸಿ ತಂದಳು. ಎರಡು ಅಂಚುಗಳು ಕೂಡಿದವು. ನೀಲಿ ರೆಕ್ಕೆ ಪಕ್ಕದ ಹಸಿರಿನ ಮೇಲೆ ಮಲಗಿತು. ಕಬ್ಬಿಣದ ಕಾಲುಗಳು ಮಾಯವಾದವು. ಅವಳು ಅಡಿಯಿಂದ ಹಿಂದಕ್ಕೆ ತೆವಳಿ ಹೊರಬರುವುದಕ್ಕೂ ಕಾವಲುಗಾರ ಬಾಗಿಲಿನಿಂದ ಸರಿಯುವುದಕ್ಕೂ ಸರಿಹೋಯಿತು.

ದೀಪಗಳು ಹೊತ್ತಿದವು. ಮಕ್ಕಳು ಮೇಲೆ ನೋಡಿ ಓ ಎಂದರು. ಆಮೇಲೆ ಒಬ್ಬಳು ಪುಟ್ಟ ಹುಡುಗಿ ಕೆಳಗೆ ನೋಡಿದಳು. ಅವಳು ಹೊಟ್ಟೆಯ ಮೇಲೆ ಮಲಗಿ, ಬೂದು ಹಕ್ಕಿಯ ಕಣ್ಣಿಗೆ ಕಣ್ಣು ಕೊಟ್ಟು ಏನೋ ಪಿಸುಗುಟ್ಟಿದಳು. ಇನ್ನೊಬ್ಬಳು ಬಂದಳು, ಮತ್ತೊಬ್ಬ ಬಂದ. ನೋಡನೋಡುತ್ತಿದ್ದಂತೆ ಮರದ ಸುತ್ತ ಮಕ್ಕಳ ಕಾಲುಗಳೇ ಕಾಲುಗಳು. ಯಾರೋ ನೀಲಿ ರೆಕ್ಕೆಯನ್ನು ಎತ್ತಿ ಅಡಿಯಲ್ಲಿ ಮರಿಗಳಿವೆಯೇ ಎಂದು ನೋಡಿದರು.

ಗ್ರಂಥಪಾಲಕಿ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಬಹಳ ಹೊತ್ತು ಆ ದೃಶ್ಯ ನೋಡಿದರು. ನಂತರ ಅತ್ತೆಯ ಬಳಿಗೆ ಬಂದು, ಮಕ್ಕಳ ಓದಿನ ಮೂಲೆಗೆ ನೆಲದ ಹಾಸೊಂದು ಬೇಕು, ಮೂಲೆ ಓರೆಯಾಗಿದೆ, ನಡುವೆ ಕಂಬವೂ ಇದೆ, ಮಾಡಿಕೊಡುತ್ತೀರಾ ಎಂದು ಕೇಳಿದರು.

ಅತ್ತೆ ಅಣ್ಣನ ಕೈಯಿಂದ ಟೋಪಿ ತೆಗೆದುಕೊಂಡು, ಧೂಳು ಕೊಡವಿ, ತಲೆಗಿಟ್ಟು ಅಂಚು ಸರಿಪಡಿಸಿಕೊಂಡರು. ‘ನನ್ನನ್ನ ಯಾಕೆ ಕೇಳ್ತೀರಿ,’ ಎಂದರು. ‘ಅಂಗಡಿ ಅವಳದು.’

‘ಹಾಗಾದರೆ ನನ್ನ ಸೈಕಲ್ಲುಗಳು?’ ಎಂದ ಅಣ್ಣ.

‘ಅವಕ್ಕೆ ಚಕ್ರ ಇದೆಯಪ್ಪ. ಎಲ್ಲಾದರೂ ಹೋಗ್ತವೆ.’

ಅಣ್ಣ ವಾದಕ್ಕೆ ತಂಗಿಯನ್ನು ಹುಡುಕಿದ. ಅವಳು ಅಲ್ಲಿರಲಿಲ್ಲ. ಕೂದಲಿನಲ್ಲಿ ಕಾಗದದ ನಕ್ಷತ್ರವನ್ನು ಸಿಕ್ಕಿಸಿಕೊಂಡೇ ಓದಿನ ಮೂಲೆಗೆ ಓಡಿ, ಕಂಬದ ಬುಡದಲ್ಲಿ ಮಂಡಿಯೂರಿ, ಗೇಣು ಹಾಕಿ ನೆಲ ಅಳೆಯುತ್ತಿದ್ದಳು.